ಕಾದಂಬರಿಯ ಜಾಗತಿಕ ಧರ್ಮಸಭೆ: ನಗರ ಕೈತಪ್ಪಿದರೆ ಪೀಠ ಉಳಿಯುತ್ತದೆಯೇ?

ಪ್ರಶ್ನೆ:
ನಾನು ಬರೆಯುತ್ತಿರುವ ಕಾದಂಬರಿಯಲ್ಲಿ ಕಥೋಲಿಕ ಮಾದರಿಯ ಒಂದು ಕಲ್ಪಿತ ಧರ್ಮಸಭೆಯಿದ್ದು, ಅದರ ಆಡಳಿತವೆಲ್ಲ ಕಡಲತೀರದ ಒಂದು ಕೋಟೆನಗರದಿಂದ ನಡೆಯುತ್ತದೆ. ಮೂರನೆಯ ಭಾಗದಲ್ಲಿ ಶತ್ರುಸೈನ್ಯ ಆ ನಗರವನ್ನು ಹಿಡಿದೊಡನೆ ಧರ್ಮಸಭೆಯ ಆಡಳಿತವೇ ಮುಗಿದುಹೋಗುತ್ತದೆ. ಹಸ್ತಪ್ರತಿ ಓದಿದ ಗೆಳೆಯರೊಬ್ಬರು ಇದು ನಂಬುವಂತಿಲ್ಲ ಎಂದರು. ವ್ಯಾಟಿಕನ್ನಿನ ಮಟ್ಟಿಗೆ ವಾಸ್ತವ ಹೇಗಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ನಿಮ್ಮ ಗೆಳೆಯರ ಮಾತು ಸರಿ. ವ್ಯಾಟಿಕನ್ ನಗರ ಬೇರೆ, ಪವಿತ್ರ ಪೀಠ ಬೇರೆ. ಸುಮಾರು 44 ಹೆಕ್ಟೇರ್ ವಿಸ್ತಾರದ ಆ ನಗರರಾಜ್ಯ ಹುಟ್ಟಿದ್ದು 1929ರ ಫೆಬ್ರವರಿ 11ರಂದು ಇಟಲಿಯೊಂದಿಗೆ ಸಹಿಯಾದ ಲ್ಯಾಟರನ್ ಒಪ್ಪಂದದಿಂದ. ಪೀಠವಾದರೋ ರೋಮಿನ ಧರ್ಮಾಧ್ಯಕ್ಷರಾದ (ಬಿಷಪ್) ಪೋಪ್ ಅವರ ಅಧಿಕಾರಸ್ಥಾನ, ಆ ರಾಜ್ಯಕ್ಕಿಂತ ಎಷ್ಟೋ ಶತಮಾನಗಳಷ್ಟು ಹಳೆಯದು. 1870ರಲ್ಲಿ ಇಟಲಿಯ ಸೈನ್ಯ ರೋಮನ್ನು ವಶಪಡಿಸಿಕೊಂಡ ಮೇಲೆ 59 ವರ್ಷಗಳ ಕಾಲ ಪೋಪರಿಗೆ ತಮ್ಮದೆನ್ನುವ ರಾಜ್ಯವೇ ಇರಲಿಲ್ಲ. ಆದರೂ ಅವರು ಧರ್ಮಾಧ್ಯಕ್ಷರನ್ನು ನೇಮಿಸುತ್ತಲೇ ಇದ್ದರು, ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಲೇ ಇದ್ದರು. ಪೋಪ್ ಹದಿಮೂರನೆಯ ಲಿಯೊ 1886ರಲ್ಲಿ ಭಾರತದ ಧರ್ಮಪ್ರಾಂತ್ಯಗಳ (ಒಬ್ಬೊಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಪ್ರದೇಶಗಳ) ವ್ಯವಸ್ಥೆಯನ್ನು ರೂಪಿಸಿದ್ದೂ, ನಮ್ಮ ಮಂಗಳೂರು ಧರ್ಮಪ್ರಾಂತ್ಯವಾದದ್ದೂ ಆ ರಾಜ್ಯವಿಲ್ಲದ ದಿನಗಳಲ್ಲಿಯೇ.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಕತೆಗಾರರು ಕಣ್ಣಿಡಬೇಕಾದದ್ದು ಪೀಠ ಬರಿದಾಗುವ ಗಳಿಗೆಯ ಮೇಲೆ ಎಂಬುದು ನನ್ನ ಅಭಿಪ್ರಾಯ. ಪೋಪ್ ತೀರಿಕೊಂಡೊಡನೆ ರೋಮಿನ ಆಡಳಿತ ಇಲಾಖೆಗಳ ಮುಖ್ಯಸ್ಥರು, ಕೆಲವೇ ಮಂದಿಯನ್ನು ಬಿಟ್ಟು, ಅಧಿಕಾರ ಕಳೆದುಕೊಳ್ಳುತ್ತಾರೆ. ಹೊಸ ಪೋಪ್ ಬರುವವರೆಗೆ ಹೊಸದೇನನ್ನೂ ಮಾಡಬಾರದೆಂಬುದು ನಿಯಮ. ತೀರಿಕೊಂಡ ಪೋಪರ ಹೆಸರಿನಲ್ಲಿ ಇನ್ನೊಂದು ಪತ್ರ ಹೊರಡದಂತೆ ಅವರ ಮುದ್ರೆಯುಂಗುರವನ್ನು ಕೆಡಿಸುತ್ತಾರೆ. 2013ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಪದತ್ಯಾಗ ಮಾಡಿದಾಗ ಉಂಗುರವನ್ನು ಒಡೆಯದೆ ಅದರ ಮೇಲೆ ಶಿಲುಬೆಯಾಕಾರದ ಗೀರು ಕೊರೆದರು. ಆ ಅವಧಿಯ ಲಾಂಛನದಲ್ಲಿ ಪೋಪರ ಕಿರೀಟದ ಬದಲು ಅರೆತೆರೆದ ಛತ್ರಿಯೊಂದು ಬೀಗದ ಕೈಗಳ ಮೇಲೆ ನಿಂತಿರುತ್ತದೆ. ಕುಳಿತವರಿಲ್ಲದಿದ್ದರೂ ಪೀಠವಿದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ.

ಉತ್ತರ 3:
ಪೀಠವೂ ವ್ಯಾಟಿಕನ್ ನಗರವೂ ಒಂದೇ ಅಲ್ಲ ಎನ್ನುವುದಕ್ಕೆ ಇನ್ನೊಂದು ನಿದರ್ಶನ. ರೋಮಿನ ಧರ್ಮಾಧ್ಯಕ್ಷರಾಗಿ ಪೋಪರ ಆಸನವಿರುವ ಪ್ರಧಾನಾಲಯ ಸಂತ ಪೇತ್ರರ ಮಹಾದೇವಾಲಯವಲ್ಲ, ವ್ಯಾಟಿಕನ್ ಗೋಡೆಯ ಹೊರಗಿರುವ ಲ್ಯಾಟರನ್ನಿನ ಸಂತ ಯೊವಾನ್ನರ ಮಹಾದೇವಾಲಯ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಗರ ಬೀಳುವ ಅಧ್ಯಾಯ ಹಾಗೆಯೇ ಇರಲಿ. ಅದರ ಮರುದಿನ, ದೂರದ ಊರಿನ ಧರ್ಮಾಧ್ಯಕ್ಷರೊಬ್ಬರ ಕೈಗೆ ಅದೇ ಮುದ್ರೆಯೊತ್ತಿದ ನೇಮಕಪತ್ರ ತಲುಪುವಂತೆ ಮುಂದಿನ ಅಧ್ಯಾಯವನ್ನು ತಿದ್ದಿ ಬರೆಯುತ್ತೇನೆ.