ಲೇಬರ್ ಕ್ಯಾಂಪಿನ ಮಕ್ಕಳ ರೆಸಿಲಿಯನ್ಸ್: ಒಂದು ಸಲ ಸ್ಕೇಲ್ ಕೊಟ್ಟರೆ ಸಾಕೇ?

ವಾಕಡ್_ವಿದ್ಯಾರ್ಥಿ:
ಪುಣೆಯಲ್ಲಿ ಎಂ.ಎ. ಸೈಕಾಲಜಿ, ಕೊನೆಯ ವರ್ಷ. ಹಿಂಜವಡಿ ಕಡೆಯ ಲೇಬರ್ ಕ್ಯಾಂಪ್‌ಗಳಲ್ಲಿ ಕಲಬುರಗಿ, ವಿಜಯಪುರದಿಂದ ಬಂದ ಕುಟುಂಬಗಳಿವೆ. 11ರಿಂದ 14 ವಯಸ್ಸಿನ 60 ಮಕ್ಕಳಿಗೆ ರೆಸಿಲಿಯನ್ಸ್ (ಕಷ್ಟದಲ್ಲೂ ತಾಳಿಕೊಂಡು ಚೆನ್ನಾಗಿ ಬೆಳೆಯುವ ಗುಣ) ಅಳೆಯುವ ಸ್ಕೇಲ್, ಅಂದರೆ ಪ್ರಶ್ನಾವಳಿ, ಕೊಟ್ಟು, ಹೆಚ್ಚು ಅಂಕ ಬಂದವರನ್ನು ಗಟ್ಟಿಗರು ಎಂದು ಬೇರ್ಪಡಿಸುವ ಯೋಚನೆ. ಮುಂದೆ ಪಿಎಚ್‌ಡಿಯೂ ಇದರಲ್ಲೇ. ವಿನ್ಯಾಸ ಸರಿಯಿದೆಯೇ?

ಮಾಟುಂಗಾ_ಮಾಪಕ:
ಇಲ್ಲ. ಕಷ್ಟವನ್ನೇ ಅಳೆಯದೆ ತಾಳಿಕೆ ಅಳೆದ ಹಾಗಾಯಿತು. ರಿಸ್ಕ್ ಒಂದು ಕಡೆ, ಮಗು ಹೇಗಿದೆ ಎಂಬುದು ಇನ್ನೊಂದು ಕಡೆ, ಎರಡೂ ಬೇಕು. ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ನಲವತ್ತು ವಯಸ್ಸಿನವರೆಗೂ ಹಿಂಬಾಲಿಸಿದರು. ಬಡತನ, ಹೆರಿಗೆಯ ತೊಡಕು, ಮನೆಯ ಜಗಳ, ತಂದೆತಾಯಿಯ ಕುಡಿತ ಅಥವಾ ಮನೋರೋಗ, ಹೀಗೆ ನಾಲ್ಕು ಅಥವಾ ಹೆಚ್ಚು ಅಂಶಗಳಿದ್ದವರನ್ನು ಮಾತ್ರ ಹೈರಿಸ್ಕ್ ಎಂದು ಎಣಿಸಿದರು. ಆ ಸುಮಾರು 200 ಮಕ್ಕಳಲ್ಲಿ 72 ಮಂದಿ ಚೆನ್ನಾಗಿ ಬೆಳೆದರು. ಹದಿನೆಂಟರಲ್ಲಿ ತೊಂದರೆಯಲ್ಲಿದ್ದವರಲ್ಲೂ ಬಹುಪಾಲು ಜನ ಮೂವತ್ತು ದಾಟುವ ಹೊತ್ತಿಗೆ ದಾರಿಗೆ ಬಂದಿದ್ದರು. ಹದಿನೆಂಟಕ್ಕೇ ಪುಸ್ತಕ ಮುಚ್ಚಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ನೀವು 'ಗಟ್ಟಿಗ' ಎಂದು ಚೀಟಿ ಅಂಟಿಸಿದ ಹುಡುಗ ಮುಂದಿನ ವರ್ಷ ಶಾಲೆ ಬಿಟ್ಟಿರಬಹುದು.

ವಾಕಡ್_ವಿದ್ಯಾರ್ಥಿ:
ನನಗಿರುವುದು ಒಂದೇ ವರ್ಷ. ಯಾವ ಪ್ರಶ್ನಾವಳಿ ಬಳಸಲಿ?

ದೇವನಾರ್_ಡೇಟಾ:
ಮಗು ಹೇಗಿದೆ ಎಂದು ಅಳೆಯಲು ಎಸ್‌ಡಿಕ್ಯೂ (ಸ್ಟ್ರೆಂತ್ಸ್ ಅಂಡ್ ಡಿಫಿಕಲ್ಟೀಸ್ ಕ್ವೆಶ್ಚನೇರ್, ಮಕ್ಕಳ ನಡವಳಿಕೆ ಮತ್ತು ಭಾವನೆಗಳ ಪ್ರಶ್ನಾವಳಿ) ಸಾಕು, ಕನ್ನಡದಲ್ಲೂ ಇದೆ. ಹಕ್ಕುಸ್ವಾಮ್ಯವಿರುವುದರಿಂದ ಸ್ವಂತ ಅನುವಾದಕ್ಕೆ ಕೈಹಾಕಬೇಡಿ. 25 ಪ್ರಶ್ನೆ, ಪ್ರತಿಯೊಂದಕ್ಕೂ 0, 1, 2. ಒಟ್ಟು ತೊಂದರೆಯ ಅಂಕ 40ಕ್ಕೆ. ಸ್ನೇಹಪರತೆಯ ಐದು ಪ್ರಶ್ನೆ ಅದರಲ್ಲಿ ಸೇರುವುದಿಲ್ಲ. 7, 11, 14, 21, 25ನೇ ಪ್ರಶ್ನೆಗಳು ತಿರುವು ಅಂಕದವು, ಅಂದರೆ ಅಲ್ಲಿ 0 ಇದ್ದದ್ದು 2, 2 ಇದ್ದದ್ದು 0 ಆಗಬೇಕು. ಎಕ್ಸೆಲ್‌ನಲ್ಲಿ ಅವನ್ನು ತಿರುಗಿಸದೆ ಕೂಡಿದರೆ ಒಳ್ಳೆಯ ಮಗುವೇ ಕೆಟ್ಟದ್ದಾಗಿ ಕಾಣುತ್ತದೆ. ಮಗು, ತಾಯಿ, ಶಿಕ್ಷಕರು, ಮೂವರಿಂದಲೂ ತುಂಬಿಸಿ. ಓದು ಬಾರದವರಿಗೆ ನೀವೇ ಓದಿ ಹೇಳಿ.

ದೀಪಾವಳಿ ಮುಗಿದ ಮೇಲೆ ಒಂದು ಸುತ್ತು, ಮಾರ್ಚಿನಲ್ಲಿ ಇನ್ನೊಂದು. ಮುಂಗಾರು ಬಿತ್ತನೆಗೆ ಊರಿಗೆ ಹೋದವರು ಅದೇ ಕ್ಯಾಂಪಿಗೆ ಮರಳುತ್ತಾರೆಂದು ನಂಬಬೇಡಿ. ಅಪ್ಪನ ಸಿಮ್ ಬದಲಾಗುತ್ತಲೇ ಇರುತ್ತದೆ, ಊರಿನಲ್ಲಿರುವ ಅಜ್ಜಿಯದೋ ಸೋದರಮಾವನದೋ ನಂಬರ್ ಬರೆದುಕೊಳ್ಳಿ. ಪಿಎಚ್‌ಡಿಗೆ ಈಗಲೇ ಲೆಕ್ಕ ಹಾಕಿ: ವರ್ಷಕ್ಕೆ ನೂರಕ್ಕೆ 15 ಮಕ್ಕಳು ಕೈತಪ್ಪಿದರೆ 300ರಲ್ಲಿ ಮೂರು ವರ್ಷಕ್ಕೆ ಉಳಿಯುವುದು 184. ತಪ್ಪಿಹೋಗುವವರು ಹೆಚ್ಚಾಗಿ ಅತಿ ಕಷ್ಟದ ಮನೆಯವರೇ, ಹಾಗಾಗಿ ಫಲಿತಾಂಶ ಇರುವುದಕ್ಕಿಂತ ಚೆಂದ ಕಾಣುತ್ತದೆ.

ಪಣಜಿ_ಪ್ರಾಕ್ಟಿಸ್:
ಒಪ್ಪಿಗೆಯ ವಿಷಯ ಯಾರೂ ಎತ್ತಲಿಲ್ಲ. ಮುಕಾದಮ್ (ಕೂಲಿಗಳ ಮೇಸ್ತ್ರಿ) ಪಕ್ಕದಲ್ಲಿ ನಿಂತಾಗ ಕೇಳಿದರೆ ತಂದೆತಾಯಿ 'ಹೂಂ' ಎನ್ನುವುದು ಕೆಲಸ ಹೋದೀತೆಂಬ ಹೆದರಿಕೆಗೆ, ಅದು ಒಪ್ಪಿಗೆಯಲ್ಲ. ಸಂಜೆ ಗುಡಿಸಲಿನ ಹತ್ತಿರ ಹೋಗಿ ಕೇಳಿ, ಮಗುವಿನ ಸಮ್ಮತಿಯನ್ನೂ ಬೇರೆಯಾಗಿ ಪಡೆಯಿರಿ. ಫಾರ್ಮಿನಲ್ಲಿ 'ಯಾರಿಗೂ ಹೇಳುವುದಿಲ್ಲ' ಎಂದು ಬರೆಯಲೇಬೇಡಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಅಂಥ ಮಗುವನ್ನು ಯಾರ ಬಳಿ ಕಳಿಸುತ್ತೀರಿ ಎಂಬ ಏರ್ಪಾಡು ಮೊದಲ ಪ್ರಶ್ನೆ ಕೇಳುವ ಮುಂಚೆಯೇ ಆಗಿರಲಿ. ಮಕ್ಕಳ ಸಹಾಯವಾಣಿ 1098 ನಂಬರನ್ನೂ ಕೊಟ್ಟು ಬನ್ನಿ.