ಪದ ಬೇಕಾಗಿದೆ: ಡಿಎನ್‌ಎಸ್ ಲುಕಪ್ ವಿಫಲವಾದಾಗ ಬರುವ ಸಂದೇಶಗಳಿಗೆ

ಮಾನ್ಯರೇ,

ಮೇಲ್ ಸರ್ವರ್ ನೋಡಿಕೊಳ್ಳುವ ಸಿಬ್ಬಂದಿಗಾಗಿ ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾಗಿದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದ ಲಾಗ್‌ನಲ್ಲಿ ಕಾಣುವ ‘ಹೋಸ್ಟ್ ನಾಟ್ ಫೌಂಡ್’ ಮತ್ತು ‘ಹೋಸ್ಟ್ ನಾಟ್ ಫೌಂಡ್, ಟ್ರೈ ಅಗೇನ್’ ಎಂಬ ಎರಡನ್ನೂ ನಮ್ಮ ಕರಡು ‘ಆತಿಥೇಯ ಕಂಡುಬಂದಿಲ್ಲ’ ಎಂದೇ ಮುಗಿಸಿದೆ. ಊಟಕ್ಕೆ ಕರೆದವರೇ ಮನೆಗೆ ಬೀಗ ಹಾಕಿಕೊಂಡು ಹೋದಂತೆ ಅದು ಕೇಳಿಸುತ್ತದೆ. ‘ನೇಮ್ ರೆಸಲ್ಯೂಷನ್’ ಎಂಬುದು ‘ಹೆಸರಿನ ಪರಿಹಾರ’ವಾಗಿದೆ. ಹೆಸರು ಕೊಟ್ಟು ಅದರ ಐಪಿ ವಿಳಾಸ ಕೇಳುವ ಡಿಎನ್‌ಎಸ್ ಲುಕಪ್‌ಗೆ ಒಂದು ಪದವನ್ನೂ ಈ ಸಂದೇಶಗಳಿಗೆ ಒಂದೊಂದು ವಾಕ್ಯವನ್ನೂ ದಯವಿಟ್ಟು ಸೂಚಿಸಿ.

*

‘ಪರಿಹಾರ’ವನ್ನು ಕೂಡಲೇ ಕೈಬಿಡಿ, ಅದು ನೆರೆ ಬಂದಾಗ ಸರಕಾರ ಕೊಡುವಂಥದ್ದು. ಅಂಚೆ ಎಂಬುದು ಹಂಸದ ತದ್ಭವ, ಹಂಸವೋ ದಮಯಂತಿಯ ಕಾಲದಿಂದಲೂ ದೂತ. ಆದ್ದರಿಂದ ಮೇಲ್ ಸರ್ವರ್ ‘ಮಿಂಚಂಚೆಮನೆ’ಯಾಗಲಿ, ಅರಸು ಧಾತುವಿನಿಂದ ಲುಕಪ್ ‘ಹೆಸರರಸಿಕೆ’ಯಾಗಲಿ. ‘ಪತ್ತೆ’ಯಂಥ ಹಿಂದೂಸ್ತಾನಿ ಸರಕು ಬೇಡ.

*

ಹಂಸಪಕ್ಷಿಗೆ ಅಂಚೆ ಎಂಬ ಹೆಸರಿರುವುದು ನಿಜ. ಕಾಗದ ಹೊರುವ ಅಂಚೆಯೂ ಅಲ್ಲಿಂದಲೇ ಬಂತೆಂಬುದಕ್ಕೆ ತಾವು ಆಧಾರ ಕೊಟ್ಟಿಲ್ಲ, ಕೊಟ್ಟರೂ ಕೇಳಿದ ಪ್ರಶ್ನೆಗೆ ಅದು ಉತ್ತರವಾಗದು. ‘ಹೆಸರರಸಿಕೆ’ಯನ್ನಂತೂ ಜನ ಹೆಸರ ರಸಿಕೆ ಎಂದೇ ಓದಿಯಾರು.

ಲುಕಪ್‌ಗೆ ‘ವಿಳಾಸ ಪತ್ತೆ’ ಎನ್ನಿ. ಹೆಸರು ಕೊಟ್ಟರೆ ವಿಳಾಸ ತಿಳಿಸುವುದು ಡಿಎನ್‌ಎಸ್‌ನ ಮುಖ್ಯ ಕೆಲಸ. ಹಿಂದಿಯ ‘ಪತಾ’ಗೆ ವಿಳಾಸ, ಸುಳಿವು ಎರಡೂ ಅರ್ಥಗಳಿರುವುದು ಇಲ್ಲಿ ಅನುಕೂಲವೇ ಆಯಿತು.

ಸಂದೇಶಗಳ ವಿಷಯ ಇದಕ್ಕಿಂತ ಗಂಭೀರವಾದದ್ದು. ಮೊದಲನೆಯದರಲ್ಲಿ ಆ ಹೆಸರೇ ಇಲ್ಲವೆಂಬ ಖಚಿತ ಉತ್ತರ ಬಂದಿರುತ್ತದೆ, ಪತ್ರ ಆಗಲೇ ಹಿಂದಿರುಗುತ್ತದೆ. ಎರಡನೆಯದರಲ್ಲಿ ಡಿಎನ್‌ಎಸ್ ಪ್ರಶ್ನೆಗೆ ಉತ್ತರ ಕೊಡಬೇಕಾದ ನೇಮ್ ಸರ್ವರ್ ಉತ್ತರಿಸಿಲ್ಲ ಅಥವಾ ತನ್ನಿಂದಾಗದೆಂದಿದೆ. ಹೆಸರು ಇದೆಯೋ ಇಲ್ಲವೋ ತಿಳಿಯದು, ಪತ್ರ ಸರದಿಯಲ್ಲೇ ಉಳಿಯುತ್ತದೆ, ಪೋಸ್ಟ್‌ಫಿಕ್ಸ್‌ನ ಮೂಲ ಸಂರಚನೆಯಂತೆ 5 ದಿನದವರೆಗೆ. ಡಿಎನ್‌ಎಸ್‌ನ ನಿಯಮಗಳನ್ನು ಹೇಳುವ 1987ರ ಆರ್‌ಎಫ್‌ಸಿ 1035 ‘ಹೆಸರಿಲ್ಲ’ ಎಂಬುದಕ್ಕೆ 3, ‘ಸರ್ವರ್‌ನಿಂದ ಆಗಲಿಲ್ಲ’ ಎಂಬುದಕ್ಕೆ 2 ಎಂಬ ಸಂಕೇತಗಳನ್ನು ಕೊಟ್ಟು ಬೇರ್ಪಡಿಸಿದೆ. ಕನ್ನಡದ ‘ಇಲ್ಲ’ ಮತ್ತು ‘ಆಗಲಿಲ್ಲ’ ಇದಕ್ಕೆ ಸಾಕು:

‘ಈ ಹೆಸರಿನ ಡೊಮೇನ್ ಇಲ್ಲ.’
‘ವಿಳಾಸ ಪತ್ತೆ ಮಾಡಲಾಗಲಿಲ್ಲ, ಮತ್ತೆ ಪ್ರಯತ್ನಿಸಲಾಗುವುದು.’

‘ಮತ್ತೆ ಪ್ರಯತ್ನಿಸಿ’ ಎಂದು ಮಾತ್ರ ಬರೆಯಬೇಡಿ. ಪ್ರಯತ್ನಿಸುವುದು ಸರ್ವರ್; ವಿಧಿರೂಪ ಕಂಡ ಬಳಕೆದಾರರು ಅದೇ ಪತ್ರವನ್ನು ಮತ್ತೆ ಕಳುಹಿಸುತ್ತಾರೆ, ನೇಮ್ ಸರ್ವರ್ ಸರಿಹೋದೊಡನೆ ಎಲ್ಲ ಪ್ರತಿಗಳೂ ಒಟ್ಟಿಗೆ ತಲುಪುತ್ತವೆ.

ಹೆಸರಿದ್ದು ಕೇಳಿದ ಬಗೆಯ ದಾಖಲೆ ಇಲ್ಲದಿರುವುದು ಮೂರನೆಯ ಸ್ಥಿತಿ, ಅದನ್ನು ಇವೆರಡರೊಡನೆ ಬೆರೆಸಬಾರದು. ಡೊಮೇನ್‌ನ ಪತ್ರಗಳನ್ನು ಯಾವ ಸರ್ವರ್‌ಗೆ ಒಯ್ಯಬೇಕೆಂದು ತಿಳಿಸುವ ಎಂಎಕ್ಸ್ ದಾಖಲೆ ಇಲ್ಲದಿದ್ದರೂ ಆ ಹೆಸರಿಗೆ ಐಪಿ ವಿಳಾಸವಿದ್ದರೆ ಪತ್ರವನ್ನು ಅಲ್ಲಿಗೇ ಒಯ್ಯಬೇಕೆಂಬುದು ನಿಯಮ.

*

ಪತ್ತೆ ಬಂತು, ಅದರ ಹಿಂದೆಯೇ ದಾಖಲೆಯೂ ಬಂತು. ಹೀಗೇ ಸಾಲ ಮಾಡುತ್ತ ಹೋದರೆ ಕೈಪಿಡಿಯಲ್ಲಿ ಕನ್ನಡದ್ದೆಂದು ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮಾತ್ರ.

*

ಉಳಿಯಲಿ, ಪ್ರತ್ಯಯಗಳಿದ್ದಲ್ಲಿ ಕನ್ನಡವಿದೆ. ದಾಖಲೆ ಪದವಿಲ್ಲದೆ ತಾವು ಯಾವ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿಸಿಕೊಂಡಿದ್ದೀರಿ?

*

ಎಲ್ಲರಿಗೂ ವಂದನೆಗಳು. ‘ವಿಳಾಸ ಪತ್ತೆ’ಯನ್ನೂ ವಾಕ್ಯಗಳನ್ನೂ ಸೇರಿಸಿದ್ದೇನೆ. ಇನ್ನೆರಡು ಬದಲಾವಣೆಗಳಿವೆ. ಡೊಮೇನ್‌ನ ಡಿಎನ್‌ಎಸ್ ದಾಖಲೆಗಳನ್ನು ಬರೆದಿಡುವ ಝೋನ್ ಕಡತದಲ್ಲಿ ಪೂರ್ಣ ಹೆಸರಿನ ಕೊನೆಗೆ ಬರುವ ಗುರುತನ್ನು ಕರಡಿನಲ್ಲಿ ‘ಪೂರ್ಣವಿರಾಮ’ ಎಂದಿದ್ದರು; ಕರಡು ತಿದ್ದುವವರು ಅದನ್ನು ವಾಕ್ಯಚಿಹ್ನೆಯೆಂದು ಭಾವಿಸಿ ಉದಾಹರಣೆಯಿಂದಲೇ ಅಳಿಸಿದರು. ಅದಿಲ್ಲದಿದ್ದರೆ ಡೊಮೇನ್ ಹೆಸರು ಎರಡು ಬಾರಿ ಅಂಟಿಕೊಂಡು ಪತ್ತೆಯೇ ಕೆಡುವುದರಿಂದ ‘ಕೊನೆಯ ಚುಕ್ಕೆ’ ಎಂದು ಬದಲಿಸಿದ್ದೇನೆ. ಎಂಎಕ್ಸ್ ದಾಖಲೆಯ ಸಂಖ್ಯೆಗೆ ‘ಪ್ರಾಶಸ್ತ್ಯ’ ಎಂದಿತ್ತು. 20ಕ್ಕಿಂತ 10ಕ್ಕೇ ಮೊದಲ ಅವಕಾಶವಾದ್ದರಿಂದ ‘ಸರದಿ ಸಂಖ್ಯೆ’ ಎಂದಿಟ್ಟಿದ್ದೇನೆ. ಆಕ್ಷೇಪವಿದ್ದವರು ರಾತ್ರಿ ಹತ್ತರೊಳಗೆ ತಿಳಿಸಬೇಕಾಗಿ ವಿನಂತಿ.