ಅಗ್ಗದ ತೋಟಾ, ಸಿಕ್ಕಿಕೊಳ್ಳೋ ಕೋವಿ: ಅನುಭವ ಇದ್ದವರು ಹೇಳಿ

ಹೊಸ ಗುರಿಕಾರ:
ಹನ್ನೆರಡು ಬೋರಿನ ಸೆಮಿ ಆಟೋ, ಗ್ಯಾಸ್ ಮೇಲೆ ಓಡೋದು (ಈಡಿನ ಗ್ಯಾಸೇ ಪಿಸ್ಟನ್ ಮೂಲಕ ತೋಟಾ ಹಿಂದೆ ಮುಚ್ಚೋ ಬೋಲ್ಟನ್ನ ಹಿಂದಕ್ಕೆ ತಳ್ಳಿ, ಖಾಲಿ ತೋಟಾ ಎಸೆದು, ಮುಂದಿನದು ತುಂಬುತ್ತೆ), ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ತಿಂಗಳಾಯ್ತು. ಕ್ಲೇ, ಅಂದ್ರೆ ಹಾರೋ ಮಣ್ಣಿನ ಬಿಲ್ಲೆ, ಹೊಡೆಯೋಕೆ ಮಾತ್ರ. 28 ಗ್ರಾಂ ಚರೆ (ಸೀಸದ ಕಾಳು) ಇರೋ ತೋಟಾ ಹಾಕಿದಾಗ ತಕರಾರಿರಲಿಲ್ಲ. ಖರ್ಚು ತಡೆಯಲಾರದೆ ಅಗ್ಗದ 24 ಗ್ರಾಂ, 250 ತೋಟಾದ ಪೆಟ್ಟಿಗೆ ತಂದೆ. ಈಗ ಐದಾರು ಈಡಿಗೊಮ್ಮೆ ಖಾಲಿ ತೋಟಾ ಹೊರಗೆ ಹಾರದೆ ಬೋಲ್ಟಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತೆ. ತೋಟಾ ಬದಲಿಸಲೋ, ಕೋವಿ ರಿಪೇರಿಗೆ ಕೊಡಲೋ? ಖರ್ಚು ನೀವೆಲ್ಲ ಹೇಗೆ ತೂಗಿಸ್ತೀರಿ?

ಮೇಲ್ಗಡೆ ನಳಿಗೆ:
ಸೆಮಿ ಆಟೋ ನನಗೆ ಗೊತ್ತಿಲ್ಲ, ನಂದು ಮೇಲೆ ಕೆಳಗೆ ಜೋಡುನಳಿಗೆ. ಆದರೆ 24 ಗ್ರಾಂ ಅಂದ ತಕ್ಷಣ ಹೊಟ್ಟೆ ಉರಿಯಿತು, ಅದಕ್ಕೇ ಬರೀತಿದ್ದೀನಿ.

ಮೂರು ತಿಂಗಳು ನನ್ನ ಎರಡನೇ ನಳಿಗೆ ಹೇಳದೆ ಕೇಳದೆ ಕೈಕೊಡ್ತಿತ್ತು. ಮೊದಲ ಏಟು ಹೋಗುತ್ತೆ, ಬಿಲ್ಲೆ ಒಡೆಯಲ್ಲ, ಎರಡನೇದಕ್ಕೆ ಟ್ರಿಗರ್ ಎಳೆದ್ರೆ ಸತ್ತ ಹಾಗೆ, ಟಿಕ್ ಅನ್ನೋ ಸದ್ದೂ ಇಲ್ಲ. ರಿಪೇರಿಗೆ ಕೊಟ್ಟೆ, ಸ್ಪ್ರಿಂಗ್ ಬದಲಾಯಿಸಿ ಕೊಟ್ರು. ಮತ್ತೆ ಅದೇ. ಎರಡನೇ ಸಲ ಕೊಟ್ಟೆ, ಸಿಯರ್ (ಟ್ರಿಗರ್ ಎಳೆಯೋವರೆಗೂ ಸುತ್ತಿಗೆ ಹಿಡಿದಿಡೋ ಕೊಕ್ಕೆ) ಉಜ್ಜಿದ್ರು, ಫೈರಿಂಗ್ ಪಿನ್ ಎರಡೂ ಹೊಸದು. ಮೂರು ವಾರ ಕೋವಿ ಅಲ್ಲೇ. ಮತ್ತೆ ಅದೇ! ಕೊನೆಗೆ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ತಮ್ಮ ಜೇಬಿನ 28 ಗ್ರಾಂ ತೋಟಾ ಎರಡು ಕೊಟ್ಟು ಹೊಡಿ ಅಂದ್ರು. ಎರಡೂ ಹೋಯ್ತು. ಇನರ್ಷಿಯಾ ಟ್ರಿಗರ್‌ ಅದು. ಮೊದಲ ಏಟಿನ ಒದೆತದಿಂದಲೇ ಎರಡನೇ ನಳಿಗೆಗೆ ತಿರುಗಬೇಕು. ನಾನು ತಂದಿದ್ದ ಮೆತ್ತನೆ 24 ಗ್ರಾಂ ಅಷ್ಟು ಒದೆಯುತ್ತಲೇ ಇರಲಿಲ್ಲ. ಎರಡು ರಿಪೇರಿ ಬಿಲ್ಲಿನ ದುಡ್ಡಲ್ಲಿ ಮೂರು ಪೆಟ್ಟಿಗೆ ಒಳ್ಳೇ ತೋಟಾ ಬರ್ತಿತ್ತು. ಬರೆದಿಟ್ಟಿದ್ದೀನಿ, ಪುಸ್ತಕದಲ್ಲಿ ಇದೆ.

ಖರ್ಚು ಕೇಳಿದ್ರಲ್ಲ. ವಾರಕ್ಕೆ ಎರಡು ಸುತ್ತು, 50 ಬಿಲ್ಲೆ. ಟ್ರ್ಯಾಪ್‌ನಲ್ಲಿ (ಒಂದೊಂದು ಬಿಲ್ಲೆಗೆ ಎರಡು ಏಟಿನ ಅವಕಾಶ ಇರೋ ಕ್ಲೇ ಆಟ) ಎರಡನೇ ಏಟು ಸೇರಿ ನನಗೆ 70 ತೋಟಾ ಆಗುತ್ತೆ. 250ರ ಪೆಟ್ಟಿಗೆ ನಾಲ್ಕು ವಾರ ಬರಲ್ಲ. 125 ಬಿಲ್ಲೆಯ ಸ್ಪರ್ಧೆ ಒಂದು ಬಂತೋ, ಒಂದೇ ಪಂದ್ಯಕ್ಕೆ ಮುಕ್ಕಾಲು ಪೆಟ್ಟಿಗೆ ಹೋಗುತ್ತೆ.

ಒರೆಸುಬಟ್ಟೆ:
ಎಲ್ಲದಕ್ಕೂ ತೋಟಾ ಮೇಲೆ ತಪ್ಪು ಹೊರಿಸಬೇಡಿ. ನಾನು ನಾಲ್ಕು ವರ್ಷದಿಂದ ಅತ್ಯಂತ ಅಗ್ಗದ 24 ಗ್ರಾಮೇ ಹೊಡೀತಿರೋದು, ಗ್ಯಾಸ್ ಸೆಮಿ ಆಟೋದಲ್ಲಿ.

ನಂದೂ ಸಿಕ್ಕಿಕೊಳ್ತಿತ್ತು. ಮೊದಲು ಎಕ್ಸ್‌ಟ್ರಾಕ್ಟರ್ (ಖಾಲಿ ತೋಟಾ ಎಳೆಯೋ ಕೊಕ್ಕೆ) ಬದಲಾಯಿಸಿದೆ. ಆಮೇಲೆ ಓ ರಿಂಗ್ (ಗ್ಯಾಸ್ ಸೋರದ ಹಾಗೆ ತಡೆಯೋ ರಬ್ಬರ್ ಬಳೆ). ಆಮೇಲೆ ಗ್ಯಾಸ್ ತೂತು ಎರಡನ್ನೂ ಕಡ್ಡಿ ಹಾಕಿ ಬಿಡಿಸಿದೆ, ಕಲ್ಲಿದ್ದಲಿನಂಥ ಕರಿ ಬಂತು. ಸ್ವಲ್ಪ ಸುಧಾರಿಸ್ತು, ಪೂರ್ತಿ ಹೋಗಲಿಲ್ಲ. ಕೆಲವು ಸಲ ಬೋಲ್ಟ್ ಒಂದು ಕೂದಲೆಳೆ ಹಿಂದೇ ನಿಲ್ಲೋದು, ಟ್ರಿಗರ್ ಎಳೆದ್ರೆ ಕೇಪಿನ (ತೋಟಾ ಬುಡದಲ್ಲಿ ಮದ್ದಿಗೆ ಕಿಡಿ ಹತ್ತಿಸೋ ಗುಂಡಿ) ಮೇಲೆ ಸಣ್ಣ ಚುಕ್ಕೆ ಮಾತ್ರ. ಎಂಟು ತಿಂಗಳು ಹೀಗೇ. ಒಂದು ರಾತ್ರಿ ಸಿಟ್ಟು ಬಂದು ಮರದ ಹಿಡಿ ಬಿಚ್ಚಿದೆ. ಹಿಡಿಯ ಒಳಗೆ ಕೊಳವೆ, ಅದರಲ್ಲಿ ಬೋಲ್ಟನ್ನ ಮತ್ತೆ ಮುಂದಕ್ಕೆ ತಳ್ಳೋ ರಿಟರ್ನ್ ಸ್ಪ್ರಿಂಗ್. ಹಳೇ ಎಣ್ಣೆ ಹಲಸಿನ ಅಂಟಿನ ಹಾಗೆ ಗಟ್ಟಿಯಾಗಿ, ಜೊತೆಗೆ ತುಕ್ಕು. ಆ ಕೋವಿಯ ಹಿಂದಿನ ಮಾಲೀಕ ಅದನ್ನ ಯಾವತ್ತೂ ಬಿಚ್ಚಿರಲಿಲ್ಲ. ತೊಳೆದು ಒಣಗಿಸಿ ಹೊಸ ಸ್ಪ್ರಿಂಗ್ ಹಾಕಿದೆ. ಅವತ್ತಿಂದ 3,000ಕ್ಕೂ ಹೆಚ್ಚು ಈಡು, ಎರಡೇ ಸಲ ನಿಂತಿದೆ, ಎರಡು ಸಲವೂ ಸೀಳಿದ ತೋಟಾ.

ಸೆಕೆಂಡ್ ಹ್ಯಾಂಡ್ ತಗೊಂಡವರು ಹಿಡಿ ಬಿಚ್ಚದೆ ಇಲ್ಲಿ ಬಂದು ಕೇಳಬಾರದು. ಪಿಸ್ಟನ್ ಒಣಗಿರಲಿ, ಎಣ್ಣೆ ಸೋಕಿಸಬೇಡಿ.

ಚರೆಚೀಲ:
ಒಣ ಪಿಸ್ಟನ್? ಈ ಮಾತು ಕೇಳಿಯೇ ನನ್ನ ಪಿಸ್ಟನ್ ಗೀರು ಬಿದ್ದು ಹಾಳಾಗಿದ್ದು. ಒಂದು ಹನಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ, ಬೆರಳಿಗೆ ಹತ್ತದಷ್ಟು ಉಳಿಸಿ. ಅಷ್ಟಿದ್ರೆ ಕರಿ ಸುಲಭವಾಗಿ ಬಿಡುತ್ತೆ.

ಆದರೆ ನಾನು ಹೇಳಬೇಕಾದ್ದು ಬೇರೆ. ಅಗ್ಗದ ತೋಟಾದ ಬುಡ ನೋಡಿ. ಹಿತ್ತಾಳೆ ಹಾಗೆ ಹೊಳೆಯುತ್ತೆ, ಅಯಸ್ಕಾಂತ ಹಿಡಿದ್ರೆ ಅಂಟುತ್ತೆ. ಉಕ್ಕು, ಮೇಲೆ ಲೇಪ. ಹಾರಿಸಿದಾಗ ಹಿಗ್ಗಿದ್ದು ಹಿತ್ತಾಳೆಯಷ್ಟು ಹಿಂದಕ್ಕೆ ಕುಗ್ಗಲ್ಲ, ಛೇಂಬರ್ (ನಳಿಗೆಯಲ್ಲಿ ತೋಟಾ ಕೂರೋ ಜಾಗ) ಕಚ್ಚಿ ಹಿಡಿಯುತ್ತೆ. ನಾಲ್ಕನೇ ಸುತ್ತಿಗೆ ಕೋವಿ ಬಿಸಿಯಾದಾಗ ನಂದು ಹೀಗೇ ನಿಂತು, ಎಕ್ಸ್‌ಟ್ರಾಕ್ಟರ್ ಅಂಚನ್ನೇ ಕಿತ್ಕೊಂಡು ಬಂತು, ತೋಟಾ ಒಳಗೇ. ಮುಂದಿನಿಂದ ಕಡ್ಡಿ ಹಾಕಿ ನೂಕಿ ತೆಗೆಯೋ ಹೊತ್ತಿಗೆ ನನ್ನ ಸರದಿ ಹೋಯ್ತು. ಆ ಸ್ಪರ್ಧೆಗೆ ಆರು ತಿಂಗಳು ಕಾದಿದ್ದೆ.

ಛೇಂಬರ್‌ಗೆ ಕಂಚಿನ ಬ್ರಷ್ ಹಾಕಿ ತಿರುಗಿಸಿ ನೋಡಿ. ಪ್ಲಾಸ್ಟಿಕ್ ಕರಗಿ ಉಂಗುರದ ಹಾಗೆ ಕೂತಿರುತ್ತೆ, ಕಣ್ಣಿಗೆ ಕಾಣಲ್ಲ.

ಸೀಸದ ಲೆಕ್ಕ:
ಖರ್ಚಿನ ಬಗ್ಗೆ ಕೇಳಿದ್ದಕ್ಕೆ ನಾ ಹೇಳ್ತೀನಿ ಕೇಳ್ರಿ. ಖರ್ಚು ಉಳಸಾಕ ಅಂತ ಲೋಡಿಂಗ್ ಪ್ರೆಸ್, ಖಾಲಿ ತೋಟಾಕ್ಕ ಮತ್ತ ಮದ್ದು ಚರೆ ತುಂಬೂ ಮಷೀನು, ತಂದವ ನಾ.

ಪ್ರೆಸ್ಸಿನ ರೊಕ್ಕದಾಗ ಒಂಬತ್ತು ಪೆಟ್ಟಿಗಿ ತಯಾರ ತೋಟಾ ಬರ್ತಿದ್ದವು. ಒಂದು ಕಿಲೋ ಸೀಸದಾಗ 24 ಗ್ರಾಮಿನವು 41 ತೋಟಾ, 28 ಗ್ರಾಮಿನವು 35. ಅಂದ್ರ 250ಕ್ಕ ಆರು ಕಿಲೋ ಇಲ್ಲಾ ಏಳು ಕಿಲೋ ಚರೆ ಬೇಕು. ಚರೆ ತುಟ್ಟಿ ಆತು, ಕೇಪು ಅದಕ್ಕಿಂತ ತುಟ್ಟಿ. ಖಾಲಿ ತೋಟಾ ಆರಿಸಿ ತಂದು ತೊಳದು, ಬಾಯಿ ಸೀಳಿದ್ದು ಬ್ಯಾರೆ ಮಾಡಿ, ಒಂದು ಸಂಜಿಗೆ 150 ಮಾಡೂದ್ರಾಗ ಬೆನ್ನು ಹೋಗ್ತಿತ್ತು. ಉಳದದ್ದು ಎಷ್ಟು? ಐದು ತೋಟಾಕ್ಕ ಒಂದು ತೋಟಾದ ರೊಕ್ಕ.

ಒಂದು ದಿನ ಏಟು ಹೊಡದ್ರ ಢಂ ಅನ್ನೂದು ಬಿಟ್ಟು ಟಪ್ ಅಂತು. ಒದಿಲಿಲ್ಲ. ಬಾಜೂಕ ನಿಂತವ ಕೈ ಹಿಡದು ‘ಹೊಡೀಬ್ಯಾಡ’ ಅಂದ. ಬಿಚ್ಚಿ ನೋಡಿದ್ರ ಮದ್ದು ಬಿದ್ದಿದ್ದೇ ಇಲ್ಲ, ಬರೇ ಕೇಪಿನ ಜೋರಿಗಿ ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡಿ) ನಳಿಗಿ ನಡು ಹೋಗಿ ಕೂತಿತ್ತು. ಅದರ ಮ್ಯಾಲ ಇನ್ನೊಂದು ಹೊಡದಿದ್ರ ನಳಿಗಿ ಒಡದು ಎಡಗೈ ಹೋಗ್ತಿತ್ತು. ಅವತ್ತ ಪ್ರೆಸ್ ಮ್ಯಾಲ ಬಟ್ಟಿ ಹೊಚ್ಚಿದೆ. ಇನ್ನೂ ತಗದಿಲ್ಲ.

ಹದಿನಾರನೇ ಸುತ್ತು:
ಅದು ಪ್ರೆಸ್ಸಿನ ತಪ್ಪಲ್ಲ ಸ್ವಾಮಿ, ನಿಮ್ಮ ತಪ್ಪು. ಹನ್ನೊಂದು ವರ್ಷದಿಂದ ಲೋಡ್ ಮಾಡ್ತಿದ್ದೀನಿ. ಹತ್ತಕ್ಕೊಂದು ಮದ್ದು ತೂಗ್ತೀನಿ, ವ್ಯಾಡ್ ಕೂರಿಸೋ ಮುಂಚೆ ಪ್ರತಿಯೊಂದಕ್ಕೂ ಬ್ಯಾಟರಿ ಬಿಟ್ಟು ಒಳಗೆ ನೋಡ್ತೀನಿ. ಒಂದೂ ಟಪ್ ಅಂದಿಲ್ಲ. ಹೊಸಬರನ್ನ ಹೆದರಿಸೋದು ನಿಲ್ಲಿಸಿ.

ಸೀಸದ ಲೆಕ್ಕ:
ನಾನೂ ತೂಗ್ತಿದ್ದೆ. ಕೈ ಉಳದದ್ದು ನನ್ನ ಎಚ್ಚರದಿಂದಲ್ಲ, ಬಾಜೂಕಿನವನ ಎಚ್ಚರದಿಂದ. ಅದನ್ನ ಹೇಳೂದು ಹೆದರಿಸೂದಾದ್ರ, ಹೌದು, ಹೆದರಿಸ್ತೀನಿ.

ಎರಡು ಕುದುರೆ:
ನಳಿಗೆ ಒಡೆಯೋ ಮಾತು ಬಂತು, ಹಾಗಾಗಿ ಹೇಳ್ತೇನೆ. ಅಜ್ಜನ ಕಾಲದ ಪಕ್ಕಪಕ್ಕದ ಜೋಡುನಳಿಗೆ ನಂದು, ಹೊರಗೆ ಎರಡು ಕುದುರೆ (ಕೇಪು ಹೊತ್ತಿಸಲು ಬಡಿಯೋ ಸುತ್ತಿಗೆ). ಛೇಂಬರ್ 65 ಮಿ.ಮೀ. ಅಗ್ಗಕ್ಕೆ ಸಿಕ್ಕಿತು ಅಂತ ತಮ್ಮ 70ರ ತೋಟಾ ತಂದ. ಸಲೀಸಾಗಿ ಒಳಗೆ ಕೂತಿತು. ಕೂರುತ್ತೆ, ಯಾಕಂದ್ರೆ ಆ ಅಳತೆ ಬಾಯಿ ಬಿಚ್ಚಿಕೊಂಡ ಮೇಲಿನದು, ಮಡಿಸಿದ್ದಾಗ ಅದು ಗಿಡ್ಡ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತೆ. ಎಂಟು ಈಡಿಗೆ ನಳಿಗೆ ಮತ್ತು ಮರ ಸೇರುವ ಕಡೆ ಸಡಿಲವಾಯ್ತು, ಮರ ಸೀಳಿತು. ಆ ಕೋವಿ ಈಗ ಗೋಡೆಯಲ್ಲಿದೆ. ದುಡ್ಡಿನ ಮಾತಲ್ಲ, ಅಜ್ಜನ ಕೈಗುರುತು ಇದ್ದ ಮರ ಅದು.

ಹೊಸ ಗುರಿಕಾರ:
ಎಲ್ಲರಿಗೂ ಧನ್ಯವಾದ. ಅಯಸ್ಕಾಂತ ಹಿಡಿದೆ, ಅಂಟಿತು. ಆದರೆ ಪಿಸ್ಟನ್‌ಗೆ ಎಣ್ಣೆ ಹಾಕಬೇಕೋ ಬೇಡವೋ?

ಒರೆಸುಬಟ್ಟೆ:
ಬೇಡ.

ಚರೆಚೀಲ:
ಹಾಕಿ, ಒರೆಸಿ. ಗೀರು ಬಿದ್ದ ಪಿಸ್ಟನ್ ನನ್ನ ಹತ್ತಿರ ಇನ್ನೂ ಇದೆ, ಬೇಕಾದ್ರೆ ಫೋಟೋ ಹಾಕ್ತೀನಿ.

ಒರೆಸುಬಟ್ಟೆ:
ಗೀರು ಬಿದ್ದಿದ್ದು ನೀವು 500 ಈಡಿಗೂ ಬಿಚ್ಚದೆ ಹೊಡೆದಿದ್ದಕ್ಕೆ. ಹೋದ ಸಲ ನೀವೇ ಬರೆದಿದ್ರಿ.

ಮೇಲ್ಗಡೆ ನಳಿಗೆ:
ಎಣ್ಣೆ ಜಗಳ ಸಾಕು. ಟ್ರಿಗರ್ ಎಳೆದು ಹಾರದೆ ಇದ್ದಾಗ ಏನು ಮಾಡ್ತೀರಿ, ಅದನ್ನ ಈ ಹುಡುಗನಿಗೆ ಯಾರೂ ಹೇಳಲೇ ಇಲ್ಲ. ಕೋವಿಯ ಬಾಯಿ ಮುಂದಕ್ಕೇ ಇಟ್ಕೊಂಡು 30 ಸೆಕೆಂಡ್ ಎಣಿಸಬೇಕು, ಕೇಪು ತಡವಾಗಿ ಹತ್ತಿಕೊಳ್ಳಬಹುದು. ಆಮೇಲೆ ತೆಗೆದು ನಳಿಗೆಯೊಳಗೆ ನೋಡಬೇಕು.

ಹದಿನಾರನೇ ಸುತ್ತು:
ನೋಡಲೇಬೇಕು, ಅದರಲ್ಲೂ ಮನೆಯಲ್ಲಿ ಇಪ್ಪತ್ತು ಬೋರಿನದೂ (ಸಂಖ್ಯೆ ದೊಡ್ಡದಾದ್ರೂ ನಳಿಗೆ ಹನ್ನೆರಡಕ್ಕಿಂತ ಸಣ್ಣದು) ಇದ್ದರೆ. ಅದರ ಹಳದಿ ತೋಟಾ ಒಂದು ಜೇಬಲ್ಲಿ ಬೆರೆತು ಹನ್ನೆರಡರ ನಳಿಗೆಗೆ ಜಾರಿ ಮುಂದೆ ಸಿಕ್ಕಿಕೊಂಡ್ರೆ, ಖಾಲಿ ಅಂದುಕೊಂಡು ಅದರ ಹಿಂದೆ ಇನ್ನೊಂದು ತುಂಬ್ತೀರಿ. ನನ್ನ ಮಗಳ ಇಪ್ಪತ್ತು ಬೋರಿನ ತೋಟಾ ಬೇರೆ ಚೀಲ, ಬೇರೆ ಕಪಾಟು, ಬೇರೆ ಬೀಗ. ಇದರಲ್ಲಿ ಮಾತ್ರ ನಾನು ಯಾರ ಜೊತೆಗೂ ವಾದ ಮಾಡಲ್ಲ.

ಸೀಸದ ಲೆಕ್ಕ:
ಇದಕ್ಕ ನಂದೂ ಒಪ್ಪಿಗಿ ಐತಿ. ಪ್ರೆಸ್ಸಿನ ಮಾತಿಗೆ ಇಲ್ಲ.